ಹೊಸದೋ, ಹಳೆಯದೋ, ಕಾಮತರದೋ

ಬೇಡ ಎನ್ನುವುದು ನನಗೆ ಸಲೀಸು. ಬೇಕು ಎನ್ನುವುದೇ ಕಷ್ಟ. ಇದು ಹುಟ್ಟಿನಿಂದ ಬಂದದ್ದೋ ಉದ್ಯೋಗದಿಂದ ಅಂಟಿಕೊಂಡದ್ದೋ ಹೇಳಲಾರೆ. ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನಿಗೆ ಒಂದು ವಸ್ತುವನ್ನು ತಿರಸ್ಕರಿಸಲು ನೂರು ಕಾರಣ ನಾಲಿಗೆಯ ತುದಿಯಲ್ಲಿರುತ್ತವೆ, ಒಪ್ಪಿಕೊಳ್ಳಲು ಮಾತ್ರ ಒಂದೂ ಹೊಳೆಯುವುದಿಲ್ಲ. ಸೀಸೆಯ ಮುಚ್ಚಳ ಒಂದಿಷ್ಟು ವಾರೆಯಾಗಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ನೆಟ್ಟಗಿದ್ದರೆ ನೋಡಿಯೇ ಇಲ್ಲವೆಂಬಂತೆ ಮುಂದೆ ಹೋಗುತ್ತೇನೆ. ನನ್ನ ಹೆಂಡತಿ ವಿನುತಾ ಸೀರೆ ಅಂಗಡಿಗೆ ಹೋದರೆ ನನ್ನನ್ನು ಹೊರಗೆ ಚಪ್ಪಲಿ ಕಾಯಲು ಕೂರಿಸುತ್ತಾಳೆ. ಹಾಗಾದರೆ ಮದುವೆ ಹೇಗಾಯಿತು ಎಂದು ನೀವು ಕೇಳಬಹುದು. ಅದನ್ನು ಹಿರಿಯರು ತೀರ್ಮಾನಿಸಿದರು. ನನಗೆ ಬಿಟ್ಟಿದ್ದರೆ ಇವತ್ತಿಗೂ ತಪಾಸಣೆಯ ಹಂತದಲ್ಲೇ ಇರುತ್ತಿತ್ತು. ಇಂಥವನಿಗೆ, ಊರು ಬಿಟ್ಟು ಬಂದ ನೈರೋಬಿಯಲ್ಲಿ, ಒಂದು ಕಾರು ಆರಿಸಬೇಕಾದ ಗ್ರಹಚಾರ ಒದಗಿತು.

ನಾವಿರುವುದು ಸೌತ್ ಬಿ ಬಡಾವಣೆಯಲ್ಲಿ. ಕಾರ್ಖಾನೆಗೆ ಹತ್ತಿರ, ಮಗಳು ಇಂಚರಾಳ ಶಾಲೆಯೂ ತೀರಾ ದೂರವಲ್ಲ. ಆಗ ನನ್ನ ಬಳಿ ತಗ್ಗು ಹೊಟ್ಟೆಯ ಸಣ್ಣ ಕಾರೊಂದಿತ್ತು. ಇಲ್ಲಿಯ ರಸ್ತೆಯುಬ್ಬುಗಳನ್ನು ಕಟ್ಟಿದವರ ಮನಸ್ಸಿನಲ್ಲಿ ಒಂಟೆಗಳೇ ಇದ್ದಿರಬೇಕು. ಒಂದೊಂದು ಉಬ್ಬು ದಾಟುವಾಗಲೂ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿ ಕರಕರ ಎನ್ನುತ್ತಿತ್ತು, ನಾನು ಉಸಿರು ಬಿಗಿಹಿಡಿದು ನನ್ನ ಹೊಟ್ಟೆಯನ್ನೇ ಒಳಗೆಳೆದುಕೊಳ್ಳುತ್ತಿದ್ದೆ. ಆ ವರ್ಷದ ಏಪ್ರಿಲ್ ಮಳೆಗೆ ನಮ್ಮ ಬೀದಿ ಹೊಳೆಯಾಯಿತು. ಒಂದು ಬೆಳಿಗ್ಗೆ ಹೊಳೆಯ ನಟ್ಟನಡುವೆ ಕಾರು ನಿಂತಿತು. ನೀರು ಮೆತ್ತಗೆ ಬಾಗಿಲ ಸಂದಿಯಿಂದ ಒಳಗೆ ಬಂದು ನಮ್ಮ ಪಾದ ಮುಟ್ಟಿತು. ಪಕ್ಕದಲ್ಲಿ ಜನರನ್ನು ತುಂಬಿಕೊಂಡ ಒಂದು ಮಟಾಟು ಬಾಡಿಗೆ ವ್ಯಾನು ಹಾಡು ಅರಚಿಸುತ್ತಾ, ಗಾಜಿನ ಮೇಲೆಲ್ಲ ಕೆಸರು ಎರಚುತ್ತಾ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಶೂ ಕೈಯಲ್ಲಿ ಹಿಡಿದುಕೊಂಡಿದ್ದ ಇಂಚರಾ, "ಅಪ್ಪಾ, ಎವ್ರಿವನ್ ಎಲ್ಸ್ ಹ್ಯಾಸ್ ಎ ಪ್ರಾಪರ್ ಕಾರ್," ಅಂದಳು. ನಾವು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ನೊಂದುಕೊಳ್ಳುತ್ತಾಳೆ. ವಿನುತಾ ಏನೂ ಹೇಳಲಿಲ್ಲ. ಸೀರೆ ಮೊಣಕಾಲಿಗೆ ಏರಿಸಿ ಇಳಿದು ನಡೆದೇಬಿಟ್ಟಳು. ಅವಳು ಏನೂ ಹೇಳದಿದ್ದರೆ ಏನೋ ತೀರ್ಮಾನವಾಗಿದೆ ಎಂದರ್ಥ. ಸಂಜೆ ಕಾಫಿ ಲೋಟ ಮೇಜಿನ ಮೇಲೆ ಕುಕ್ಕಿ, "ಎತ್ತರದ್ದು ಒಂದು ತಗೊಳ್ಳಿ. ತೀರಾ ದೊಡ್ಡದು ಬೇಡ, ನಾನೂ ಓಡಿಸ್ಬೇಕು. ಹೊಸದೋ ಹಳೇದೋ ನೀವೇ ನೋಡಿ," ಅಂದಳು. ಆ 'ನೀವೇ ನೋಡಿ' ಎಂಬಲ್ಲಿಂದ ನನ್ನ ಕಷ್ಟ ಶುರುವಾಯಿತು.

ನೋಡುವುದಕ್ಕೆ ನನಗೆ ಸಿಕ್ಕ ಜೊತೆಗಾರ ಕಾಮತರು. ಅವರು ಉಡುಪಿ ಕಡೆಯವರು, ನಮ್ಮ ಕಾರ್ಖಾನೆಯ ಸಿರಪ್ ವಿಭಾಗದ ಮುಖ್ಯಸ್ಥರು. ಪಕ್ಕದ ಕಟ್ಟಡದಲ್ಲೇ ಹೆಂಡತಿ ಶೈಲಾ ಮತ್ತು ಪುಟ್ಟಿ ಎಂದು ಎಲ್ಲರೂ ಕರೆಯುವ ಪುಟ್ಟ ಮಗಳೊಂದಿಗೆ ಇದ್ದರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಕೆಲಸಗಾರರೊಡನೆ ಸ್ವಾಹಿಲಿ, ಯಂತ್ರಗಳೊಡನೆ ತುಳುವಿನಲ್ಲಿ ಬೈಗುಳ. ಅವರಿಗೊಂದು ಎತ್ತರದ ಬಿಳಿ ಕಾರಿತ್ತು. ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು, ಹಡಗಿನಲ್ಲಿ ಮೊಂಬಾಸಾಕ್ಕೆ ಬಂದು ಇಳಿದದ್ದು. ಕೀಲಿ ತಿರುಗಿಸಿದೊಡನೆ ಅದರೊಳಗಿಂದ ಒಬ್ಬ ಹೆಂಗಸು ಬಹಳ ವಿನಯದಿಂದ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಕಾಮತರು ಅದು ಪ್ರಯಾಣ ಸುಖಕರವಾಗಲಿ ಎಂಬ ಹಾರೈಕೆಯೆಂದು ನಂಬಿ ಪ್ರತಿಸಲವೂ ಕೊಂಕಣಿಯಲ್ಲಿ ಉತ್ತರ ಕೊಡುತ್ತಿದ್ದರು. ಆಮೇಲೊಮ್ಮೆ ಕಾರ್ಖಾನೆಗೆ ಬಂದಿದ್ದ ಜಪಾನಿನ ಎಂಜಿನಿಯರೊಬ್ಬರು ನನ್ನ ಬಳಿ ಗುಟ್ಟಾಗಿ ಹೇಳಿದರು: ಟೋಲ್ ಕಾರ್ಡು ಹಾಕಿಲ್ಲ, ಗಮನಿಸಿ ಎಂದು ಆಕೆ ಎಚ್ಚರಿಸುತ್ತಿದ್ದಾಳಂತೆ. ನಾನು ಅದನ್ನು ಕಾಮತರಿಗೆ ಹೇಳಲಿಲ್ಲ. ದಿನವೂ ಒಬ್ಬರು ಹಾರೈಸುತ್ತಾರೆಂಬ ಭರವಸೆಯನ್ನು ಕಿತ್ತುಕೊಂಡು ನನಗೇನಾಗಬೇಕು?

ಶನಿವಾರ ಬಂತೆಂದರೆ ಇಬ್ಬರೂ ಹೊರಡುತ್ತಿದ್ದೆವು. ಮೊದಲು ಹೊಸ ಕಾರಿನ ಶೋರೂಮು. ಅಲ್ಲಿಯ ನೆಲ ನಮ್ಮ ಕಾರ್ಖಾನೆಯ ಶುದ್ಧ ಕೋಣೆಗಿಂತ ಶುಭ್ರವಾಗಿತ್ತು. ಅಲ್ಲಿದ್ದ ಹುಡುಗಿ ನಗುತ್ತಾ, "ಫ್ಯಾಮಿಲಿಯಲ್ಲಿ ಎಷ್ಟು ಜನ ಸರ್?" ಎಂದು ಕೇಳಿದಳು. ನಾನು ಸುಲಭವಾದ ಆ ಪ್ರಶ್ನೆಗೂ ತಡವರಿಸಿ, ಊರಿನಿಂದ ಬರಬಹುದಾದವರನ್ನೆಲ್ಲ ಸೇರಿಸಿ ಹೇಳತೊಡಗಿದೆ. ಅವಳು ಪಾಪ, ಬಸ್ಸು ಮಾರುವ ಬೇರೆ ವಿಭಾಗವನ್ನು ತೋರಿಸಿದಳು. ಕಾರು ಚೆನ್ನಾಗಿತ್ತು. ಆದರೆ ಕಾಮತರು ಬೆರಳ ಗೆಣ್ಣಿನಿಂದ ಬಾಗಿಲನ್ನು ತಟ್ಟಿ, ಹಲಸಿನ ಹಣ್ಣಿನ ಮೇಲೆ ತಟ್ಟಿ ಕೇಳುವವರ ಹಾಗೆ ಕಿವಿಗೊಟ್ಟು, "ತಗಡು ಮಾರಾಯ್ರೆ, ಬರೀ ತಗಡು. ಹೊಸದು ಅಂತ ವಾಸನೆಗೆ ದುಡ್ಡು ಕೊಡುದಾ?" ಎಂದರು. ಅಲ್ಲಿಂದ ಹಳೆಯ ಕಾರುಗಳ ಅಂಗಳಕ್ಕೆ. ಅಂಗಳದ ಒಡೆಯ ಕಮಾವು ಎದುರಾಗಿ ಬಂದು, ಪ್ರತಿ ಕಾರಿಗೂ ಒಬ್ಬ ಜಪಾನಿ ಅಜ್ಜಿಯನ್ನು ಹುಟ್ಟಿಸುತ್ತಿದ್ದ. "ಬಾಸ್, ಇದು ಶಿಕ್ಷಕಿಯಾಗಿದ್ದ ಅಜ್ಜಿಯದು. ಭಾನುವಾರ ಮಾತ್ರ ಓಡಿಸುತ್ತಿದ್ದರು. ಗಾರಿ ಸಾಫಿ ಸಾನಾ, ಇಷ್ಟು ಚೊಕ್ಕ ಗಾಡಿ ಸಿಕ್ಕುವುದಿಲ್ಲ." ಕಾಮತರು ಹಳೆಯ ಪೇಪರು ಹಾಸಿ, ಕಾರಿನಡಿಗೆ ನುಸುಳಿ, ಅಲ್ಲಿಂದಲೇ ತೀರ್ಪು ಕೊಡುತ್ತಿದ್ದರು. "ಅಜ್ಜಿ ಇದನ್ನು ಸಮುದ್ರದಲ್ಲಿ ಓಡಿಸಿದ್ದಾ ಕೇಳಿ. ತುಕ್ಕು ನೋಡಿ ಇಲ್ಲಿ." ಕಮಾವು ಬೇಸರಿಸಿಕೊಳ್ಳದೆ ಮುಂದಿನ ಅಜ್ಜಿಯ ಬಳಿಗೆ ಕರೆದೊಯ್ಯುತ್ತಿದ್ದ.

ನನಗೆ ಆ ಶನಿವಾರಗಳು ಪ್ರಿಯವಾಗಿದ್ದವು ಎಂದು ಈಗ ತಿಳಿಯುತ್ತದೆ. ಕಾರು ಬೇಡವೆನ್ನುವ ಹೊಣೆಯನ್ನು ನನಗಿಂತ ದೊಡ್ಡ ದನಿಯಲ್ಲಿ ಇನ್ನೊಬ್ಬರು ಹೊತ್ತುಕೊಂಡಿದ್ದರು. ಮಧ್ಯಾಹ್ನ ಎಲ್ಲಾದರೂ ಚಹಾ ಕುಡಿದು, ಸುಟ್ಟ ಜೋಳ ತಿಂದು, ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆವು. ವಿನುತಾ ಮಾತ್ರ ದಿನದಿಂದ ದಿನಕ್ಕೆ ಹೆಚ್ಚು ಮೌನಿಯಾಗುತ್ತಿದ್ದಳು.

ಅಂಥದೇ ಒಂದು ಶನಿವಾರ ಕಮಾವುವಿನ ಅಂಗಳದಲ್ಲಿ ಒಂದು ಬೂದುಬಣ್ಣದ ಕಾರಿನ ಅಡಿಯಲ್ಲಿ ಕಾಮತರಿದ್ದರು. ನನಗೆ ಕಾಣುತ್ತಿದ್ದದ್ದು ಅವರ ಸ್ಯಾಂಡಲ್ಲು ಹಾಕಿದ ಎರಡು ಕಾಲು ಮಾತ್ರ. ಆಮೇಲೆ ಒಳಗಿಂದ ದನಿ ಬಂತು: "ಮುಗೀತು ಮಾರಾಯ್ರೆ."

"ಏನು, ಎಂಜಿನ್ನಾ?" ಎಂದೆ.

"ಅಲ್ಲ, ನನ್ನದು. ಸಿರಪ್ ಲೈನು ಮುಚ್ತಾರಂತೆ. ನಿನ್ನೆ ಕರ್ದು ಹೇಳಿದ್ರು. ಕಾಂಟ್ರ್ಯಾಕ್ಟು ಮುಂದುವರಿಸುದಿಲ್ಲ."

ನಾನು ಬಗ್ಗಿ ನೋಡಿದೆ. ಕತ್ತಲಲ್ಲಿ ಅವರ ಮುಖ ಸರಿಯಾಗಿ ಕಾಣಲಿಲ್ಲ. ಕೈಯಲ್ಲಿದ್ದ ಟಾರ್ಚು ಮಾತ್ರ ಯಾವುದೋ ಪೈಪಿನ ಮೇಲೆ ನಿಂತಿತ್ತು. ಏನಾದರೂ ಹೇಳಬೇಕಿತ್ತು. ಕಾರಿನಡಿಯಲ್ಲಿ ಅಂಗಾತ ಮಲಗಿದ ಮನುಷ್ಯನಿಗೆ ಸಮಾಧಾನ ಹೇಳುವುದು ಹೇಗೆ? ಭುಜ ತಟ್ಟೋಣವೆಂದರೆ ಭುಜ ಕೈಗೆ ಸಿಗುತ್ತಿಲ್ಲ. ನಾನು ಅವರ ಪಾದವನ್ನು ಒಂದೆರಡು ಸಲ ತಟ್ಟಿದೆ. ಕಮಾವು ಅದನ್ನು ನೋಡಿ ನಾವು ಇಂಡಿಯನ್ನರು ಹೀಗೇ ವ್ಯಾಪಾರ ಕುದುರಿಸುತ್ತೇವೆಂದುಕೊಂಡನೋ ಏನೋ, ಬೆಲೆ ಇಳಿಸಿದ. "ಈ ಕಾರು ಬೇಡ. ಆಯಿಲು ಸೋರ್ತದೆ," ಎನ್ನುತ್ತಾ ಕಾಮತರು ಹೊರಬಂದರು. ಕೂದಲಿಗೆ ಮಣ್ಣು ಮೆತ್ತಿಕೊಂಡಿತ್ತು. ಅದನ್ನು ಕೊಡವುತ್ತಾ, ಹವಾಮಾನದ ವಿಚಾರ ಮಾತಾಡಿದಷ್ಟೇ ಸಹಜವಾಗಿ ಅಂದರು: "ನೀವು ಯಾಕೆ ಇಷ್ಟು ಹುಡುಕುದು? ನಂದೇ ತಗೊಳ್ಳಿ."

ಹೊಸದೋ ಹಳೆಯದೋ ಎಂದು ಒದ್ದಾಡುತ್ತಿದ್ದವನ ಮುಂದೆ ಮೂರನೆಯದೊಂದು ಬಂದು ನಿಂತಿತು. ಹೊಸದಾದರೆ ಕೊಂಡಮೇಲೆ ಅಂಗಡಿಯವರ ಮುಖ ನೋಡಬೇಕಾಗಿಲ್ಲ. ಹಳೆಯದಾದರೆ ಅಜ್ಜಿಯ ಮುಖ ಕಾಣುವುದಿಲ್ಲ. ಕಾಮತರದಾದರೆ ಪ್ರತಿದಿನ ಕಾಮತರು. ಬೇಡ ಎಂದರೆ, ಕೆಲಸ ಹೋದ ಗೆಳೆಯನಿಗೆ ಅವನ ಕಾರೂ ಬೇಡವೆಂದಂತೆ. ಬೇಕು ಎಂದರೆ, ಅವರ ಮನೆಗೆ ಬಿದ್ದ ಬೆಂಕಿಯಲ್ಲಿ ನಾನು ಚಳಿ ಕಾಯಿಸಿಕೊಂಡಂತೆ. ಮನೆಗೆ ಬಂದು ವಿನುತಾಳಿಗೆ ಹೇಳಿದೆ. ಅವಳು ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿ, "ಕೆಲಸ ಹೋದವರ ಕಾರು..." ಎಂದಳು. ಅಷ್ಟರಲ್ಲಿ ಅವಳಿಗೇ ನಾಚಿಕೆಯಾಗಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿಂದಲೇ, "ಶೈಲಾ ಏನ್ಮಾಡ್ತಿದ್ದಾಳೋ, ಹೋಗಿ ನೋಡ್ಕೊಂಡು ಬರ್ತೀನಿ," ಎಂದು ಡಬ್ಬಿಯಲ್ಲಿ ಬಿಸಿಬೇಳೆಬಾತು ತುಂಬಿಕೊಂಡು ಹೊರಟಳು.

ಮರುದಿನ ನಾನು ಕಾಮತರ ಕಟ್ಟಡದ ಕೆಳಗೆ ಹೋದೆ. ನೋಡದೆ ಕೊಳ್ಳುವುದು ಸರಿಯಲ್ಲವೆಂದು ಅವರೇ ಹಟ ಹಿಡಿದಿದ್ದರು. ಎಂದಿನಂತೆ ಪೇಪರು ಹಾಸಿದರು. ಎಂದಿನಂತೆ ಅಡಿಗೆ ನುಸುಳಿದರು. ಮಾರುವವರು ಅವರೇ, ಕೊಳ್ಳುವವನ ಪರ ವಕೀಲರೂ ಅವರೇ. "ಇಲ್ಲಿ ರಬ್ಬರಿನ ಬುಶ್ ಸವೆದು ಹೋಗಿದೆ ನೋಡಿ. ಆಗದ ಕೆಲಸ ಇದು. ನಾನು ಬದಲಿಸ್ಬೇಕಿತ್ತು, ಉದಾಸೀನ ಮಾಡಿದೆ." ನಾನು ಪರವಾಗಿಲ್ಲ ಅಂದೆ. "ಎಂತ ಪರವಾಗಿಲ್ಲ? ನಿಮ್ಮ ಬುದ್ಧಿ ಎಲ್ಲಿ ಹೋಯ್ತು? ಒಂದು ಸೀಸೆ ಮುಚ್ಚಳಕ್ಕೆ ನನ್ನ ಇಡೀ ಬ್ಯಾಚು ತಿರುಗಿಸಿ ಕಳಿಸಿದವರು ನೀವು!" ಕಾರಿನಡಿಯಿಂದ ಅವರು ಕೂಗುತ್ತಿದ್ದರು, "ಹಿಂದಿನ ಶಾಕ್ ಅಬ್ಸಾರ್ಬರ್ ಕೂಡ ಸೋತಿದೆ. ನಾನಾದ್ರೆ ಈ ಕಾರು ಮುಟ್ಟುದಿಲ್ಲ ಮಾರಾಯ್ರೆ!"

ಮೇಲಿನ ಬಾಲ್ಕನಿಯಿಂದ ಶೈಲಾ ಬಗ್ಗಿ ಕೇಳಿದರು: "ಏನ್ರೀ ಅದು, ನೀವು ಕಾರು ಮಾರುದಾ, ಬಯ್ಯುದಾ?"

ಸ್ಯಾಂಡಲ್ಲು ಹಾಕಿದ ಕಾಲುಗಳು ಅಲ್ಲಾಡದೆ ಇದ್ದವು. ಆಗ ನಾನು ನನ್ನ ಜೀವನದಲ್ಲಿ ಅಪರೂಪಕ್ಕೆ, ಯಾವ ತಪಾಸಣೆಯನ್ನೂ ಮಾಡದೆ, "ಬೇಕು ಕಾಮತರೆ. ಇದೇ ಬೇಕು," ಅಂದುಬಿಟ್ಟೆ. ಅಂದಮೇಲೆ ನನಗೇ ಗಾಬರಿಯಾಯಿತು. ಬೆಲೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅದನ್ನು ವಿನುತಾ ಮತ್ತು ಶೈಲಾ ಅಡುಗೆಮನೆಯಲ್ಲಿ, ಪ್ಯಾಕು ಮಾಡುತ್ತಿದ್ದ ಪಾತ್ರೆಗಳ ನಡುವೆ ಕೂತು ಮುಗಿಸಿದರು. ಗ್ರೈಂಡರು ಮತ್ತು ತುಳಸಿ ಕುಂಡವೂ ಅದರಲ್ಲೇ ಸೇರಿ ನಮ್ಮ ಮನೆಗೆ ಬಂದವು.

ಅವರು ಊರಿಗೆ ಹೊರಡುವ ದಿನ ಎಂಬಕಸಿಯ ವಿಮಾನ ನಿಲ್ದಾಣಕ್ಕೆ ಆ ಕಾರಿನಲ್ಲೇ ಹೋದೆವು. ಕಾರು ಆಗಲೇ ನನ್ನ ಹೆಸರಿನಲ್ಲಿತ್ತು, ಆದರೂ ಓಡಿಸಿದ್ದು ಕಾಮತರು. ನಾನು ಪಕ್ಕದಲ್ಲಿ ಅತಿಥಿಯ ಹಾಗೆ ಕೂತಿದ್ದೆ. ಹಿಂದೆ ಎಡಬದಿಯ ಬಾಗಿಲಿಗೆ ಒರಗಿ ಪುಟ್ಟಿ ಕೂತಿದ್ದಳು. ಅದು ಅವಳ ಜಾಗ. ಬೇರೆ ಯಾರು ಅಲ್ಲಿ ಕೂತರೂ ರಂಪ ಮಾಡುತ್ತಿದ್ದಳು. ಜಪಾನಿನ ಹೆಂಗಸು ವಿನಯದಿಂದ ಎಚ್ಚರಿಸಿದಳು. ಕಾಮತರು ಆವತ್ತು ಉತ್ತರ ಕೊಡಲಿಲ್ಲ. ನಿಲ್ದಾಣದ ಗೇಟಿನಲ್ಲಿ ತಪಾಸಣೆಗೆ ಚಾಲಕನನ್ನು ಬಿಟ್ಟು ಎಲ್ಲರೂ ಇಳಿದು ನಡೆದುಹೋಗಬೇಕು. ನಾವು ಇಳಿದೆವು. ಕಾಮತರೊಬ್ಬರೇ ಕಾರಿನಲ್ಲಿ ಕೂತು ನಿಧಾನವಾಗಿ ಆಚೆ ದಾಟಿದರು. ಆಚೆ ಬದಿಯಲ್ಲಿ ನಮಗಾಗಿ ಕಾಯುತ್ತಾ ಅವರು ಸ್ಟೀರಿಂಗಿನ ಧೂಳನ್ನು ಕರ್ಚೀಫಿನಿಂದ ಒರೆಸುತ್ತಿದ್ದದ್ದು ದೂರದಿಂದ ಕಂಡಿತು.

ಇಳಿಸುವ ಜಾಗದಲ್ಲಿ ಕೀಲಿ ನನ್ನ ಕೈಗಿಟ್ಟರು. ಮತ್ತೆ ವಾಪಸು ತೆಗೆದುಕೊಂಡರು. "ಟಯರಿಗೆ ಗಾಳಿ ಬೆಳಿಗ್ಗೆ ತಣ್ಣಗಿರುವಾಗ ನೋಡ್ಬೇಕು. ಏಸಿ ಹಾಕಿದ ಕೂಡ್ಲೇ ಏರಿನಲ್ಲಿ ಆಕ್ಸಿಲರೇಟರು ಒತ್ತಬೇಡಿ. ಮತ್ತೆ ಮಳೆಗಾಲದಲ್ಲಿ..." ಪೋಲೀಸನೊಬ್ಬ ಸೀಟಿ ಊದಿ ಮುಂದೆ ಹೋಗಲು ಕೈ ಬೀಸಿದ. ಮಳೆಗಾಲದಲ್ಲಿ ಏನು ಮಾಡಬೇಕೆಂದು ನನಗೆ ತಿಳಿಯದೇ ಉಳಿಯಿತು. ಶೈಲಾ ಪುಟ್ಟಿಯ ಕೈ ಹಿಡಿದು ಎಳೆದರು. ಪುಟ್ಟಿ ನನ್ನನ್ನು ನೋಡಿ, "ಅಂಕಲ್, ನಮ್ಮ ಕಾರು ನೀವು ಎಷ್ಟು ದಿನ ಇಟ್ಕೊಳ್ತೀರಿ?" ಎಂದು ಕೇಳಿದಳು. ನಾನು ಗುಣಮಟ್ಟ ವಿಭಾಗದ ದನಿಯಲ್ಲಿ, ನೋಡೋಣ, ಎಂದೆ.

ಆಮೇಲೆ ಭಾನುವಾರಗಳಂದು ಕಾಮತರ ವಿಡಿಯೋ ಕರೆ ಬರತೊಡಗಿತು. ನನ್ನ ಆರೋಗ್ಯ, ಇಂಚರಾಳ ಪರೀಕ್ಷೆ, ವಿನುತಾಳ ಡ್ರೈವಿಂಗು ಇವೆಲ್ಲ ಒಂದೊಂದು ವಾಕ್ಯದಲ್ಲಿ ಮುಗಿದುಹೋಗುತ್ತಿದ್ದವು. ಮುಖ್ಯ ಪ್ರಶ್ನೆ ಬೇರೆಯೇ. "ಗಾಡಿ ಹೇಗುಂಟು? ತೋರಿಸಿ ನೋಡುವ." ನಾನು ಕೆಳಗಿಳಿದು ಹೋಗಿ ಕಾರಿನ ಸುತ್ತ ಫೋನು ತಿರುಗಿಸುತ್ತಿದ್ದೆ. ಅವರು ಅಲ್ಲಿಂದಲೇ ಟಯರಿನ ಗಾಳಿ ಕಡಿಮೆಯೆಂದು ಹೇಳುತ್ತಿದ್ದರು. ಅವರ ಕೆಲಸದ ವಿಚಾರ ನಾನು ಕೇಳಿದರೆ, "ನೋಡ್ತಾ ಇದ್ದೇನೆ, ಒಂದೆರಡು ಕಡೆ ಮಾತಾಗಿದೆ," ಎನ್ನುತ್ತಿದ್ದರು. ವಾರ ವಾರವೂ ಅದೇ ಮಾತು. ಅವರ ಹಿಂದೆ ಕಾಣುವ ಗೋಡೆಯೂ ಅದೇ. ಮಧ್ಯಾಹ್ನವಾದರೂ ಗಡ್ಡ ಬೋಳಿಸಿರುತ್ತಿರಲಿಲ್ಲ. ಒಂದಿಷ್ಟು ದಿನಗಳಾದ ಮೇಲೆ ನಾನು ಕೇಳುವುದನ್ನು ಬಿಟ್ಟೆ, ಅವರೂ ಹೇಳುವುದನ್ನು ಬಿಟ್ಟರು. ಕಾರಿನ ಟಯರು ಮಾತ್ರ ನಮ್ಮಿಬ್ಬರ ನಡುವೆ ಉಳಿಯಿತು.

ಹೀಗಿರುವಾಗ ಒಂದು ಸಂಜೆ ಕಾರ್ಖಾನೆಯಿಂದ ಬರುತ್ತಿದ್ದೆ. ದೊಡ್ಡ ವೃತ್ತದಲ್ಲಿ ವಾಹನಗಳು ಒಂದರೊಳಗೊಂದು ಹೆಣೆದುಕೊಂಡು ನಿಂತಿದ್ದವು. ಎಡಗಡೆಯಿಂದ ನುಗ್ಗಿದ ಮಟಾಟುವೊಂದು ನನ್ನ ಕಾರಿನ ಹಿಂದಿನ ಬಾಗಿಲನ್ನು ಉದ್ದಕ್ಕೂ ಗೀರಿ, ಒಳಕ್ಕೆ ತಗ್ಗಿಸಿ, ನಿಂತಿತು. ಅದರ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು ನನ್ನ ಕಡೆ ತಿರುಗಿ, "ಪೋಲೆ ಸಾನಾ, ಬಾಸ್," ಎಂದು ಎದೆಯ ಮೇಲೆ ಕೈಯಿಟ್ಟು ಮನಃಪೂರ್ವಕ ವಿಷಾದಿಸಿದ. ವಿಷಾದ ಮುಗಿಯುವಷ್ಟರಲ್ಲಿ ಮಟಾಟು ಮಾಯವಾಗಿತ್ತು. ನನಗೆ ಪೆಟ್ಟಾಗಿರಲಿಲ್ಲ. ಮೊದಲು ನೆನಪಾದದ್ದು ವಿಮೆಯಲ್ಲ, ವಿನುತಾಳೂ ಅಲ್ಲ, ಭಾನುವಾರ.

ಬಚ್ಚಿಡುವುದು ಸರಿಯಲ್ಲವೆಂದು ಭಾನುವಾರ ನಾನೇ ಮೊದಲು ಕರೆ ಮಾಡಿ ಹೇಳಿಬಿಟ್ಟೆ. ಕಾಮತರು, "ನಿಮಗೆ ಏನೂ ಆಗಲಿಲ್ಲ ಅಲ್ವಾ?" ಎಂದರು. ಇಲ್ಲ ಎಂದೆ. "ಯಾವ ಬದಿ?" ಎಂದರು. ಎಡಗಡೆ, ಹಿಂದಿನದು, ಎಂದೆ.

"ಪುಟ್ಟಿಯ ಬಾಗಿಲು," ಅಂದರು.

ಆಮೇಲೆ ಪರದೆಯ ಮೇಲೆ ಗೋಡೆ ಕಂಡಿತು, ಸೀಲಿಂಗು ಕಂಡಿತು, ಫ್ಯಾನು ತಿರುಗುವುದು ಕಂಡಿತು. ಫೋನನ್ನು ಎಲ್ಲೋ ಅಂಗಾತ ಇಟ್ಟು ಅವರು ಎದ್ದುಹೋಗಿದ್ದರು. ನಾನು ತಿರುಗುವ ಫ್ಯಾನನ್ನೇ ನೋಡುತ್ತಾ, ಹಲೋ, ಹಲೋ, ಎನ್ನುತ್ತಿದ್ದೆ. ಕೊನೆಗೆ ಶೈಲಾ ಬಂದು, ಇವರು ಹೊರಗೆ ಹೋದರು, ಆಮೇಲೆ ಮಾತಾಡ್ತಾರೆ, ಎಂದು ಇಟ್ಟರು. ಸಂಜೆ ಶೈಲಾ ಅವರಿಂದ ವಿನುತಾಳಿಗೊಂದು ಸಂದೇಶ ಬಂತು. ಕೆಲಸ ಹೋದಾಗಲೂ ಅಳದವರು, ವಿಮಾನ ಹತ್ತುವಾಗಲೂ ಅಳದವರು, ಇವತ್ತು ಬಾವಿಕಟ್ಟೆಯ ಹತ್ತಿರ ಹೋಗಿ ಕೂತು ಅತ್ತರಂತೆ. ಊಟ ಮಾಡಿಲ್ಲವಂತೆ. ಇನ್ನು ಮುಂದೆ ಅಂಥದ್ದೇನಾದರೂ ಆದರೆ ದಯವಿಟ್ಟು ಅವರಿಗೆ ಹೇಳಬೇಡಿ ಎಂದು ಬರೆದಿದ್ದರು. ವಿನುತಾ ಅದನ್ನು ಗಟ್ಟಿಯಾಗಿ ಓದಿ, ಫೋನು ಮಗುಚಿ ಇಟ್ಟು, "ನಿಮಗೆ ಸುಮ್ನಿರೋಕೆ ಬರಲ್ವಾ?" ಎಂದಳು. ಅಂದು ನಾವೂ ಸರಿಯಾಗಿ ಉಣ್ಣಲಿಲ್ಲ.

ಬಾಗಿಲನ್ನು ರಿಪೇರಿ ಮಾಡಿಸಿದೆ. ತಗ್ಗು ಹೋಯಿತು. ಬಣ್ಣ ಮಾತ್ರ ಕೂಡಿಬರಲಿಲ್ಲ. ಕಾರೆಲ್ಲ ಹಾಲಿನ ಬಿಳುಪು, ಆ ಬಾಗಿಲೊಂದು ಮೊಸರಿನ ಬಿಳುಪು. ಬೇರೆಯವರಿಗೆ ಗೊತ್ತಾಗುವುದಿಲ್ಲ ಎಂದು ಗ್ಯಾರೇಜಿನವನು ಹೇಳಿದ. ಆದರೆ ಕಾಮತರು ಬೇರೆಯವರಲ್ಲವಲ್ಲ. ಆದ್ದರಿಂದ ಈಗ ಭಾನುವಾರ ಬೆಳಿಗ್ಗೆ ಕಾರನ್ನು ಹಿಂದೆ ಮುಂದೆ ಮಾಡಿ, ಎಡಬದಿ ಗೋಡೆಗೆ ತಾಗುವಷ್ಟು ಒತ್ತಿ ನಿಲ್ಲಿಸುತ್ತೇನೆ. ಫೋನು ಹಿಡಿಯುವ ಕೆಲಸ ಇಂಚರಾಳದು. ಬಲಬದಿ ಮಾತ್ರ ತೋರಿಸಿ, ಮುಂಭಾಗ ಒಂದಿಷ್ಟು ತೋರಿಸಿ, ಬಿಸಿಲು ಜಾಸ್ತಿ ಎಂಬ ನೆಪ ಹೇಳಿ ಮುಗಿಸುತ್ತೇವೆ. ಕಾಮತರೂ ಎಡಬದಿ ತೋರಿಸಿ ಎಂದು ಇಷ್ಟರವರೆಗೆ ಕೇಳಿಲ್ಲ.

ಕಳೆದ ವಾರ ನಮ್ಮ ವಿಭಾಗದವರನ್ನೆಲ್ಲ ಕರೆದು, ಗುಣಮಟ್ಟ ವಿಭಾಗವನ್ನು ಬೇರೆ ದೇಶದ ಕಾರ್ಖಾನೆಯೊಂದಿಗೆ ಸೇರಿಸುವ ಯೋಚನೆಯಿದೆ ಎಂದರು. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಇನ್ನೂ ತೀರ್ಮಾನವಾಗಿಲ್ಲವಂತೆ. ತೀರ್ಮಾನಿಸುವವರ ಕೈಯಲ್ಲಿ ನಾನು ಮುಚ್ಚಳ ತುಸು ವಾರೆಯಾದ ಸೀಸೆಯ ಹಾಗೆ ನಿಂತಿದ್ದೇನೆ. ವಿನುತಾಳಿಗೆ ಹೇಳಿದ್ದೇನೆ. ಇಂಚರಾಳಿಗೆ ಹೇಳಿಲ್ಲ, ಆದರೆ ನಮ್ಮ ಮನೆಯ ಗೋಡೆಗಳು ತೆಳು. ಕಾಮತರಿಗಂತೂ ಹೇಳುವ ಮಾತೇ ಇಲ್ಲ. ಮೊನ್ನೆ ಭಾನುವಾರ ಕರೆ ಬಂದಾಗ ಕಾರಿನ ಹಿಂಬದಿಗೆ ಒರಗಿ ನಿಂತು, ಫ್ಯಾಕ್ಟರಿ ಚೆನ್ನಾಗಿ ನಡೀತಿದೆ, ಆರ್ಡರುಗಳಿಗೆ ಬಿಡುವೇ ಇಲ್ಲ, ಎಂದು ಉತ್ಸಾಹದಿಂದ ಹೇಳುತ್ತಿದ್ದೆ. ಕಾಮತರು ಸುಮ್ಮನೆ ನನ್ನ ಮುಖವನ್ನೇ ನೋಡುತ್ತಾ ಕೇಳುತ್ತಿದ್ದರು. ಫೋನು ಹಿಡಿದಿದ್ದ ಇಂಚರಾ ಮೆಲ್ಲಗೆ, "ಅಪ್ಪಾ, ಮೂವ್ ಎ ಲಿಟಲ್. ಇಟ್ಸ್ ಶೋಯಿಂಗ್," ಅಂದಳು.

ಬಾಗಿಲು ಕಾಣಿಸುತ್ತಿದೆಯೆಂದಳೋ, ಇನ್ನೇನು ಕಾಣಿಸುತ್ತಿದೆಯೆಂದಳೋ ತಿಳಿಯಲಿಲ್ಲ. ನಾನು ಒಂದು ಹೆಜ್ಜೆ ಸರಿದೆ, ಜೊತೆಗೆ ಇನ್ನಷ್ಟು ಜೋರಾಗಿ ನಕ್ಕೆ.